ಹೊಸಕೋಟೆಯ ಸಂಬಳ, ಹುಬ್ಬಳ್ಳಿಯ ಉಳಿತಾಯ

ಗೋದಾಮು ಕೆಲಸಕ್ಕೆ ಬೆಂಗಳೂರಿನ ಸುತ್ತಮುತ್ತಲೇ ಒಳ್ಳೆಯ ಸಂಬಳ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ನಿಜ. ಆದರೆ ತಿಂಗಳ ಕೊನೆಗೆ ಕೈಯಲ್ಲಿ ಎಷ್ಟು ಉಳಿಯುತ್ತದೆ ಎಂಬುದನ್ನೂ ಬರೆಯಬೇಕಿತ್ತು. ಹೊಸಕೋಟೆಯ ಗೋದಾಮೊಂದರಲ್ಲಿ ಎರಡು ವರ್ಷ ಸ್ಕ್ಯಾನರ್ ಹಿಡಿದು ಸಾಲಿನಿಂದ ಸಾಲಿಗೆ ನಡೆದವನು ನಾನು. ಮೂಲ ವೇತನದ ಶೇ 12 ಭವಿಷ್ಯ ನಿಧಿಗೆ, ಒಟ್ಟು ವೇತನದ ಶೇ 0.75 ಇಎಸ್‌ಐಗೆ (ಕಾರ್ಮಿಕರ ಆರೋಗ್ಯ ವಿಮೆ) ಕಡಿತವಾಗಿ ಕೈಗೆ ಬರುತ್ತಿದ್ದುದು 16,400 ರೂಪಾಯಿ. ಶೀಟಿನ ಮನೆಯ ಒಂದು ಕೋಣೆಗೆ 5,500 ಬಾಡಿಗೆ. ಅದರ ಮೇಲೆ ಕ್ಯಾನ್ ನೀರು, ಗ್ಯಾಸ್, ಮೆಸ್ಸಿನ ಊಟ. ರಾತ್ರಿ ಪಾಳಿ ಮುಗಿಸಿ ಬಂದರೆ ಶೀಟಿನ ಕಾವಿಗೆ ಹಗಲು ನಿದ್ದೆಯೂ ಹತ್ತುತ್ತಿರಲಿಲ್ಲ. ಊರಿಗೆ 3,000 ಕಳುಹಿಸಿದ ತಿಂಗಳೇ ದೊಡ್ಡದು.

ಈಗ ಹುಬ್ಬಳ್ಳಿಯಲ್ಲಿ ಅದೇ ಕೆಲಸ, ಕೈಗೆ 13,000. ಕುಂದಗೋಳದ ನಮ್ಮ ಮನೆಯಿಂದಲೇ ಬಸ್ಸಿನಲ್ಲಿ ಓಡಾಡುತ್ತೇನೆ, ಬುತ್ತಿಗೆ ಅವ್ವನ ಜೋಳದ ರೊಟ್ಟಿ, ಶೇಂಗಾ ಚಟ್ನಿ. ನಮ್ಮ ಜೊತೆ ಬರುವ ಅಕ್ಕಂದಿರಿಗೆ ಶಕ್ತಿ ಯೋಜನೆಯಿಂದಾಗಿ ಬಸ್ಸಿನ ಖರ್ಚೂ ಇಲ್ಲ. ಮನೆಗೆ ಕೊಟ್ಟು 6,000 ಉಳಿಸುತ್ತಿದ್ದೇನೆ.

ಹತ್ತಿರದಲ್ಲಿ ಸ್ವಂತ ಸೂರಿಲ್ಲದವರಿಗೆ, ಹೊರ ರಾಜ್ಯದಿಂದ ಬಂದವರಿಗೆ ಈ ಲೆಕ್ಕ ಕೂಡಿಬರುವುದಿಲ್ಲ. ಅವರ ಸಂಬಳವನ್ನು ನುಂಗುತ್ತಿರುವುದು ಬಾಡಿಗೆ. ಹೆದ್ದಾರಿ ಬದಿಯಲ್ಲಿ ಎಕರೆಗಟ್ಟಲೆ ಗೋದಾಮು ಎಬ್ಬಿಸುವವರು ಪಕ್ಕದಲ್ಲೇ ಕಾರ್ಮಿಕರಿಗೆ ಕಡಿಮೆ ಬಾಡಿಗೆಯ ವಸತಿಯನ್ನೂ ಕಟ್ಟಬೇಕೆಂದು ಸರ್ಕಾರ ನಿಯಮ ಮಾಡಲಿ.