ಬೇಲಿಯಾಚೆಯ ಚಿಕ್ಕಪ್ಪ

1994ರ ನವೆಂಬರ್ 2. ಸಕಲ ಮೃತರ ದಿನ, ನಾವು ಕಥೋಲಿಕರು ತೀರಿಕೊಂಡವರಿಗಾಗಿ ಪ್ರಾರ್ಥಿಸುವ ದಿನ. ನನಗೆ ಆಗ 11 ವರ್ಷ, ಪೂಜೆಗೆ ನಿಲ್ಲುವ ಹುಡುಗ. ಪೂಜೆ ಮುಗಿಸಿ ನಮ್ಮ ಚರ್ಚಿನ ಸ್ವಾಮಿಗಳು, ಅಂದರೆ ಫಾದರ್, ಸ್ಮಶಾನಕ್ಕೆ ಬಂದರು. ತೀರ್ಥದ ಬಕೆಟ್ ನನ್ನ ಕೈಯಲ್ಲಿತ್ತು. ಒಂದೊಂದೇ ಸಮಾಧಿಗೆ ತೀರ್ಥ ಚಿಮುಕಿಸುತ್ತಾ ಕೊನೇ ಸಾಲಿನವರೆಗೆ ಹೋದ ಸ್ವಾಮಿಗಳು ಅಲ್ಲಿಂದ ವಾಪಸ್ ತಿರುಗಿದರು. ನಾನೂ ತಿರುಗಿದೆ. ಬಕೆಟ್‌ನಲ್ಲಿ ಇನ್ನೂ ಅರ್ಧ ತೀರ್ಥ ಇತ್ತು. ಇಪ್ಪತ್ತು ಹೆಜ್ಜೆ ಆಚೆ, ಕಳ್ಳಿ ಬೇಲಿಯ ಹೊರಗೆ, ನನ್ನ ಚಿಕ್ಕಪ್ಪನನ್ನು ಮಣ್ಣು ಮಾಡಿದ್ದರು.

ಆ ಜುಲೈನಲ್ಲಿ ಅವನು ತಾನಾಗೇ ಜೀವ ಕಳೆದುಕೊಂಡಿದ್ದ. ವರ್ಷದಿಂದ ಸರಿಯಾಗಿ ನಿದ್ದೆ ಇರಲಿಲ್ಲ, ಯಾರ ಜೊತೆಗೂ ಮಾತಿರಲಿಲ್ಲ. ಅದನ್ನು ಕಾಯಿಲೆ ಅಂತ ಮನೆಯಲ್ಲಿ ಯಾರೂ ಅಂದುಕೊಂಡಿರಲಿಲ್ಲ. ಪೆಟ್ಟಿಗೆಯನ್ನು ಚರ್ಚ್ ಒಳಗೆ ತರಲು ಬಿಡಲಿಲ್ಲ. ಸಾವಿನ ಗಂಟೆ ಹೊಡೆಯಲಿಲ್ಲ. "ದೇವರು ಕೊಟ್ಟ ಜೀವ, ದೇವರೇ ತಗೋಬೇಕು. ಮಾತು ಮೀರಿದವನಿಗೆ ಒಳಗೆ ಜಾಗ ಇಲ್ಲ" ಅಂದರು ಊರಿನ ಹಿರಿಯರು. ಸ್ವಾಮಿಗಳೂ ಹೂಂ ಅಂದರು. ಅಜ್ಜಿ ಎದುರಾಡಲಿಲ್ಲ. ಸುಳ್ಳು ಯಾಕೆ ಹೇಳಲಿ, ಅವಳೂ ಅದನ್ನೇ ನಂಬಿದ್ದಳು. ಆದರೂ ಆ ನವೆಂಬರ್ ಸಂಜೆ ಕೆಮ್ಮಿನ ಔಷಧಿಯ ಖಾಲಿ ಬಾಟಲಿಯಲ್ಲಿ ತೀರ್ಥ ತುಂಬಿಕೊಂಡು ಬೇಲಿ ಕಡೆ ಹೋಗುತ್ತಿದ್ದಳು. ನನ್ನನ್ನು ಕಂಡವಳೇ ಬಾಟಲಿಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

ತುಂಬಾ ವರ್ಷ ಆದಮೇಲೆ ನನಗೆ ಗೊತ್ತಾಗಿದ್ದು ಇದು. ಬೇಕೆಂದೇ ಜೀವ ಕಳೆದುಕೊಂಡವರಿಗೆ ಚರ್ಚಿನ ಶವಸಂಸ್ಕಾರ ಇಲ್ಲ ಅನ್ನುವ ನಿಯಮ ಕಥೋಲಿಕ ಧರ್ಮಸಭೆಯ ಸ್ವಂತ ಕಾನೂನಾದ ಕ್ಯಾನನ್ ಕಾನೂನಿನಲ್ಲಿ, 1917ರದ್ದರಲ್ಲಿ ಇತ್ತು. 1983ರಲ್ಲಿ ಹೊಸ ಕಾನೂನು ಬಂದಾಗ ಆ ಪಟ್ಟಿಯಿಂದ ಅವರನ್ನು ಕೈಬಿಟ್ಟರು. ಅಂದರೆ ಚಿಕ್ಕಪ್ಪ ಸಾಯುವುದಕ್ಕೆ 11 ವರ್ಷ ಮೊದಲೇ! ರೋಮ್ ತೆಗೆದ ಬೇಲಿಯನ್ನು ನಮ್ಮೂರು ಉಳಿಸಿಕೊಂಡಿತ್ತು.

ನನ್ನ ಸಿಟ್ಟು ಇಲ್ಲೇ. ವಿಧೇಯತೆ ಬಗ್ಗೆ ಪ್ರಬೋಧನೆಗೆ ನಮ್ಮಲ್ಲಿ ಯಾವತ್ತೂ ಬರ ಇಲ್ಲ. ಪೂಜೆಗೆ ತಡವಾಗಿ ಬಂದರೆ, ತಪಸ್ಸುಕಾಲದ ಶುಕ್ರವಾರ ಮಾಂಸ ತಿಂದರೆ, ಹಬ್ಬದ ಚಂದಾ ಕೊಡದಿದ್ದರೆ ವಿಧೇಯತೆ ನೆನಪಾಗುತ್ತದೆ. ಧರ್ಮಸಭೆಯೇ "ಇವರನ್ನು ಒಳಗೆ ಬಿಡಿ" ಅಂದಾಗ ಮಾತ್ರ ನಮ್ಮ ಕಿವಿ ಮಂದ.

ತಾನಾಗೇ ಜೀವ ಕಳೆದುಕೊಳ್ಳುವುದು ತಪ್ಪೇ ಅಲ್ಲ ಅಂತ ಧರ್ಮಸಭೆ ಹೇಳಿಲ್ಲ. "ಕೊಲೆ ಮಾಡಬೇಡ" ಅನ್ನುವ 5ನೇ ಕಟ್ಟಳೆ ಹಾಗೇ ಇದೆ. ಜೀವಕ್ಕೆ ನಾವು ಮಾಲೀಕರಲ್ಲ, ನೋಡಿಕೊಳ್ಳುವವರು ಅಷ್ಟೇ ಅನ್ನುತ್ತದೆ 1992ರ ಕೆಟಕಿಸಂ, ಅಂದರೆ ಧರ್ಮಸಭೆಯ ಬೋಧನೆಯ ಪುಸ್ತಕ. ಅದರ ಬೆನ್ನಿಗೇ ಇನ್ನೊಂದು ಮಾತು ಹೇಳುತ್ತದೆ. ಮನಸ್ಸಿನ ದೊಡ್ಡ ಕಾಯಿಲೆ, ತಡೆಯಲಾಗದ ಭಯ, ಸಂಕಟ ಇದ್ದರೆ ಆ ಮನುಷ್ಯನ ಹೊಣೆ ಕಡಿಮೆಯಾಗುತ್ತದಂತೆ. ಅಂಥವರ ರಕ್ಷಣೆಯ ಆಸೆ ಬಿಡಬಾರದಂತೆ. ಅವರಿಗಾಗಿ ಧರ್ಮಸಭೆ ಪ್ರಾರ್ಥನೆ ಮಾಡುತ್ತದಂತೆ. ಜ್ಞಾನೋಪದೇಶದ ತರಗತಿಯಲ್ಲಿ ನಮಗೆ ಮೊದಲರ್ಧ ಮಾತ್ರ ಬಾಯಿಪಾಠ ಮಾಡಿಸಿದ್ದರು.

ಇದೆಲ್ಲ ಹಳೇ ಕಥೆ ಅಂದುಕೊಂಡಿದ್ದೆ. ಹೋದ ತಿಂಗಳು ಈಗಿರುವ ನಮ್ಮ ಧರ್ಮಕೇಂದ್ರದಲ್ಲಿ ಒಬ್ಬ ಕಾಲೇಜು ಹುಡುಗ ಹಾಗೇ ಹೋದ. ಫಾದರ್ ಪೆಟ್ಟಿಗೆಯನ್ನು ಒಳಗೆ ತರಿಸಿ ಪೂರ್ತಿ ಪೂಜೆ ಕೊಟ್ಟರು. ರಾತ್ರಿ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಬರೆದರು: "ಹೀಗೆ ಮರ್ಯಾದೆ ಮಾಡಿದ್ರೆ ನಾಳೆ ಇನ್ನೊಬ್ಬರಿಗೂ ಧೈರ್ಯ ಬರಲ್ವಾ?" ಮಾರ್ಚ್ 25ರಂದು ಭ್ರೂಣಹತ್ಯೆ ವಿರುದ್ಧ ಮೇಣದಬತ್ತಿ ಹಿಡಿದು ಹೊರಟಾಗ ಮುಂದೆ ನಿಂತವರು ಇವರೇ. ನಾನೂ ಆ ಮೆರವಣಿಗೆಯಲ್ಲಿದ್ದೆ, ಅದರಲ್ಲಿ ತಪ್ಪೇನಿಲ್ಲ.

ಅವರ ಪ್ರಶ್ನೆ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಆದರೆ ಸ್ಮಶಾನದಲ್ಲಿ ಎಲ್ಲಿ ಜಾಗ ಸಿಗುತ್ತೆ ಅಂತ ಲೆಕ್ಕ ಹಾಕುವ ಸ್ಥಿತಿಯಲ್ಲಿ ನನ್ನ ಚಿಕ್ಕಪ್ಪ ಇರಲಿಲ್ಲ. ಬೇಲಿಯ ಭಯ ಅವನನ್ನು ಉಳಿಸಲಿಲ್ಲ, ಬಾಯಿ ಮುಚ್ಚಿಸಿತು ಅಷ್ಟೇ. ಚಿಕ್ಕಮ್ಮ ಆಮೇಲೆ ಚರ್ಚ್‌ನಲ್ಲಿ ಮುಂದಿನ ಸಾಲಿಗೆ ಬಂದು ಕೂತಿದ್ದೇ ಇಲ್ಲ. ಜೀವದ ಬೆಲೆ ಗೊತ್ತಿದ್ದರೆ ನೋಟಿಸ್ ಬೋರ್ಡ್‌ನಲ್ಲಿ ಪೂಜೆಯ ಸಮಯದ ಕೆಳಗೆ ಮನಸ್ಸಿನ ಕಷ್ಟಕ್ಕೆ ನೆರವಾಗುವ ಟೆಲಿ ಮಾನಸ್ ಸಹಾಯವಾಣಿಯ ನಂಬರ್ 14416 ಅಂತ ಬರೆದು ಹಾಕಿ. ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಗುಂಪಿನಲ್ಲಿ ಇಷ್ಟು ಬರೆದೆ. ಒಂದು ಹೆಬ್ಬೆರಳು ಬಂತು.

ಊರಿಗೆ ಹೋದಾಗ ಚರ್ಚಿನ ಹಳೇ ಪುಸ್ತಕ ತೆಗೆಸಿ ನೋಡಿದೆ. ಚಿಕ್ಕಪ್ಪನ ಜ್ಞಾನಸ್ನಾನ ಇದೆ, ಮದುವೆ ಇದೆ. ಮರಣದ ಪುಸ್ತಕದಲ್ಲಿ ಹೆಸರಿಲ್ಲ. ಸ್ಮಶಾನಕ್ಕೆ ಕಾಂಪೌಂಡ್ ಕಟ್ಟುವ ಮೊದಲು ಸರ್ವೆ ಮಾಡಿಸಿದ್ದರು. ಬೇಲಿಯಾಚೆಯ ಜಾಗವೂ ಚರ್ಚಿನದೇ ಅಂತ ಆಗ ಗೊತ್ತಾಯಿತಂತೆ. ಗೋಡೆ ಅದನ್ನೂ ಸೇರಿಸಿಕೊಂಡೇ ಎದ್ದಿದೆ. ಸಮಾಧಿ ಯಾವುದು ಅಂತ ಹೇಳೋರು ಮಾತ್ರ ಯಾರೂ ಉಳಿದಿಲ್ಲ. ನವೆಂಬರ್‌ನಲ್ಲಿ ಅಲ್ಲೇ ಅಂದಾಜಿನ ಮೇಲೆ ಎರಡು ಮೇಣದಬತ್ತಿ ಹಚ್ಚಿ ಬರುತ್ತೇವೆ.