ಕರುಣೆಗೆ ಐದು ಅಂಕ

ಮೊನ್ನೆ ಮಗಳು ಶಾಲೆಯಿಂದ ಬಂದವಳೇ ಬ್ಯಾಗ್ ಮೂಲೆಗೆಸೆದು, "ಅಪ್ಪಾ, ನಾಳೆ ಕರುಣೆ ಟೆಸ್ಟು" ಅಂದಳು.

ಗಣಿತ, ವಿಜ್ಞಾನದ ಹಾಗೆ ಈಗ ನಡವಳಿಕೆಯೂ ಒಂದು ವಿಷಯ. ಹೇಗಿದ್ದರೆ ಆರೋಗ್ಯ ಚೆನ್ನಾಗಿರುತ್ತದೆ, ಹೇಗೆ ಮಾತಾಡಿದರೆ ಸ್ನೇಹ ಉಳಿಯುತ್ತದೆ ಅಂತ ಕಲಿಸುತ್ತಾರಂತೆ. ಒಳ್ಳೆಯದೇ ಅಲ್ವಾ? ವಾರಕ್ಕೆ ಎರಡು ಪೀರಿಯಡ್ ಬೇಕಾಗಿತ್ತು. ಆಟದ ಪೀರಿಯಡ್ಡುಗಳನ್ನೇ ಕೊಟ್ಟುಬಿಟ್ಟಿದ್ದಾರೆ.

ಹಾಗಾಗಿ ಮಕ್ಕಳು ಕೂತಲ್ಲೇ ಕೂತು ಓಡಾಟದ ಲಾಭಗಳನ್ನು ಬರೆದುಕೊಳ್ಳುತ್ತಾರೆ. 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ದಣಿಯುವಂತೆ ಓಡಾಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಮಗಳಿಗೆ ಇದು ಬಾಯಿಪಾಠ. ಉರು ಹೊಡೆಯೋದಕ್ಕೂ ಹೆಚ್ಚುಕಡಿಮೆ 60 ನಿಮಿಷವೇ ಹಿಡಿಯಿತು. ಅವಳ ವಯಸ್ಸಿಗೆ 9ರಿಂದ 12 ಗಂಟೆ ನಿದ್ದೆ ಬೇಕು ಅನ್ನೋ ಉತ್ತರವನ್ನು ಮೂರು ಸಲ ಬರೆದು ಮುಗಿಸುವಾಗ ರಾತ್ರಿ ಹನ್ನೊಂದು ದಾಟಿತ್ತು.

ಟೆಸ್ಟ್ ಆಯಿತು. ಬಿಟ್ಟ ಸ್ಥಳ ತುಂಬಿರಿ: 'ಗೆಳೆಯ ಬಿದ್ದರೆ ನಾನು ______.' ಇವಳು 'ಎಬ್ಬಿಸುತ್ತೇನೆ' ಅಂತ ಬರೆದಳು. ಅರ್ಧ ಅಂಕ ಕಟ್. ಪುಸ್ತಕದಲ್ಲಿದ್ದದ್ದು 'ಸಹಾಯ ಮಾಡುತ್ತೇನೆ'. ಅಷ್ಟರಲ್ಲಿ ಪಕ್ಕದವಳ ಪೆನ್ಸಿಲ್ ಮೊನೆ ಮುರಿಯಿತು. ಅವಳು ಅಳುಮುಖ ಮಾಡಿದಳು. ಇವಳು ತನ್ನದೊಂದು ಪೆನ್ಸಿಲ್ ಅತ್ತ ಸರಿಸಿದಳು. ಪರೀಕ್ಷೆಯಲ್ಲಿ ಅಕ್ಕಪಕ್ಕ ಕೈಚಾಚಿದ್ದಕ್ಕೆ ಇನ್ನೆರಡು ಅಂಕ ಹೋಯಿತು. ಕೊನೆಗೆ ಕರುಣೆಯಲ್ಲಿ 5ಕ್ಕೆ ಎರಡೂವರೆ. 'ಇನ್ನೂ ಸುಧಾರಿಸಬೇಕು' ಅಂತ ಕೆಂಪು ಶಾಯಿಯ ಷರಾ.

ಪೋಷಕರಿಗೂ ಒಂದು ಸಭೆ ಇಟ್ಟಿದ್ದರು. ಭಾಷಣಕ್ಕೆ ಬರಬೇಕಿದ್ದವರು 40 ನಿಮಿಷ ತಡವಾಗಿ ಬಂದರು. ಸಾರಿ ಗೀರಿ ಏನಿಲ್ಲ, ನೇರ ಮೈಕ್ ಹಿಡಿದು ಸಮಯಪಾಲನೆಯಿಂದಲೇ ಶುರುಮಾಡಿದರು. ಆದರೆ ವಿಷಯ ತಿಳಿದವರು, ಸುಳ್ಳು ಹೇಳಬಾರದು. ಆಲ್ಬರ್ಟ್ ಬಂಡೂರಾ ಅನ್ನೋ ಮನಶ್ಶಾಸ್ತ್ರಜ್ಞ 1961ರಲ್ಲಿ ಪ್ರಕಟಿಸಿದ ಪ್ರಯೋಗದ ಕಥೆ ಹೇಳಿದರು. 72 ಪುಟ್ಟ ಮಕ್ಕಳು, ಗಾಳಿ ತುಂಬಿದ ಒಂದು ಗೊಂಬೆ. ಕೆಲವು ಮಕ್ಕಳ ಮುಂದೆ ದೊಡ್ಡವರೊಬ್ಬರು ಆ ಗೊಂಬೆಯನ್ನು ಸುತ್ತಿಗೆಯಿಂದ ಬಡಿದು, ಒದ್ದು, ಗದರಿದರು. ಆಮೇಲೆ ಗೊಂಬೆ ಕೈಗೆ ಸಿಕ್ಕಾಗ ಆ ಮಕ್ಕಳಲ್ಲಿ ಬಹಳಷ್ಟು ಜನ ಹಾಗೇ ಬಡಿದರು, ಹಾಗೇ ಒದ್ದರು. ದೊಡ್ಡವರ ಬಾಯಿಂದ ಬಂದ ಮಾತನ್ನೂ ಬಿಡಲಿಲ್ಲ. ಯಾರೂ ಪಾಠ ಮಾಡಿರಲಿಲ್ಲ, ಟೆಸ್ಟೂ ಇಟ್ಟಿರಲಿಲ್ಲ.

ನನ್ನ ಮುಂದಿನ ಸಾಲಿನ ಅಪ್ಪ ತಲೆದೂಗುತ್ತಾ ಕೇಳುತ್ತಿದ್ದರು. ಪಕ್ಕದಲ್ಲಿ ಕಾಲಾಡಿಸುತ್ತಿದ್ದ ಮಗನ ತಲೆಗೆ ಫಟ್ ಅಂತ ಒಂದು ಕೊಟ್ಟು, "ಸುಮ್ನೆ ಕೂತ್ಕೊಳೋ, ಹೊಡೀಬಾರ್ದು ಅಂತ ಹೇಳ್ತಿದಾರೆ, ಕೇಳಿಸ್ಕೋ" ಅಂದರು.

ನಾನು ನಗಲಿಲ್ಲ. ನಗೋದಕ್ಕೆ ಪುರುಸೊತ್ತಿರಲಿಲ್ಲ, ಫೋನ್ ನೋಡುತ್ತಿದ್ದೆ. ಅಷ್ಟರಲ್ಲಿ ಇನ್ನೊಂದು ಪ್ರಯೋಗ ಬಂತು. 1970ರ ದಶಕದಲ್ಲಿ ಎಡ್ವರ್ಡ್ ಟ್ರಾನಿಕ್ ಅನ್ನೋ ಇನ್ನೊಬ್ಬ ಮನಶ್ಶಾಸ್ತ್ರಜ್ಞ ಮಾಡಿದ್ದಂತೆ. ತಾಯಿ ಕೂಸಿನೆದುರು ಕೆಲವು ನಿಮಿಷ ಕಲ್ಲಿನ ಹಾಗೆ, ಮುಖದಲ್ಲಿ ಏನೂ ತೋರಿಸದೆ ಕೂರಬೇಕು. ಕೂಸು ಮೊದಲು ನಗುತ್ತದೆ, ಅಮ್ಮನನ್ನು ಮಾತಿಗೆ ಎಳೆಯಲು ನೋಡುತ್ತದೆ. ಏನೂ ನಡೆಯದಿದ್ದರೆ ಮುಖ ಆಚೆ ತಿರುಗಿಸಿಕೊಳ್ಳುತ್ತದೆ. ಪಾಪ, ಆ ತಾಯಂದಿರಿಗೆ ಹಾಗೆ ಕೂರಿ ಅಂತ ಹೇಳಿಕೊಡಬೇಕಾಗಿತ್ತು. ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಸ್ಲೈಡ್ ಚೆನ್ನಾಗಿತ್ತು, ಎಲ್ಲರೂ ಫೋನ್ ಎತ್ತಿ ಫೋಟೋ ತೆಗೆದುಕೊಂಡೆವು.

ಹೋಂವರ್ಕು ನಮಗೂ ಇತ್ತು. ಮಗುವಿನ ಜೊತೆ 10 ನಿಮಿಷ ಫೋನಿಲ್ಲದೆ ಮಾತಾಡಿ, ಅದರ ಫೋಟೋವನ್ನು ಕ್ಲಾಸ್ ಗ್ರೂಪಿಗೆ ಹಾಕಬೇಕು. ಅಂಕ 5.

ಮನೆಯಲ್ಲಿ ಇದೊಂದು ದೊಡ್ಡ ಸಮಸ್ಯೆಯಾಯಿತು. ಫೋನಿಲ್ಲದೆ ಫೋಟೋ ಹೇಗೆ? ಹೆಂಡತಿ ತನ್ನ ಫೋನಿನಿಂದ ಒಲ್ಲದ ಮನಸ್ಸಲ್ಲಿ ತಲೆಯೆತ್ತಿ, ನಾಲ್ಕು ಫೋಟೋ ತೆಗೆದಳು. ಮೊದಲನೆಯದರಲ್ಲಿ ನಾನು ಕಣ್ಣು ಮುಚ್ಚಿದ್ದೆ. ಎರಡನೆಯದರಲ್ಲಿ ಮಗಳು ಏನೋ ಹೇಳುತ್ತಿದ್ದಳು, ಬಾಯಿ ಸೊಟ್ಟಗೆ ಬಂದಿತ್ತು. "ಮಾತಾಡಬೇಡ, ಮಾತಾಡೋ ಥರ ಮಾಡು" ಅಂದೆ. ಮೂರನೆಯದು ಅಲುಗಿತು. ನಾಲ್ಕನೆಯದು ಸೂಪರ್. ಇಬ್ಬರೂ ಕಣ್ಣಲ್ಲಿ ಕಣ್ಣಿಟ್ಟು ನಗುತ್ತಿದ್ದೆವು. ತಕ್ಷಣ ಗ್ರೂಪಿಗೆ ಕಳಿಸಿದೆ. ನೆಟ್ ನಿಧಾನ, ಚಕ್ರ ಸುತ್ತುತ್ತಲೇ ಇತ್ತು.

"ಅಪ್ಪಾ, ಇವತ್ತು ಆ ಪೆನ್ಸಿಲ್ ಹುಡುಗಿ ಏನಂದಳು ಗೊತ್ತಾ..."

"ಒಂದ್ನಿಮಿಷ ಪುಟ್ಟಾ, ಇನ್ನೂ ಅಪ್‌ಲೋಡ್ ಆಗ್ತಿದೆ."