ಒಳಗೂ ಹೊರಗೂ

ಆಟಿಕೆ ಹೆಲಿಕಾಪ್ಟರಿನ ಪೆಟ್ಟಿಗೆಗೆ ಚಿತ್ರ ಹಾಕುವವರಿಗೆ ಹಿಮಾಲಯದ ಮೇಲೆ ಯಾಕಷ್ಟು ಮೋಹವೋ. ಒಳಗಿರುವುದು ಗೇಣುದ್ದದ ಪ್ಲಾಸ್ಟಿಕ್ ಸಾಮಾನು, ಮೇಲಿನ ಚಿತ್ರದಲ್ಲಿ ಅದು ಹಿಮದ ಶಿಖರ ದಾಟುತ್ತಿರುತ್ತದೆ. ಮೂಲೆಯಲ್ಲಿ ಹಳದಿ ನಕ್ಷತ್ರ, ಅದರೊಳಗೆ ‘ಮನೆಯ ಒಳಗೂ ಹೊರಗೂ’ ಎಂಬ ಘೋಷಣೆ. ಆ ‘ಹೊರಗೂ’ ಅನ್ನು ನಂಬಿಯೇ ನಮ್ಮ ಭಾವ ಚಿತ್ರದುರ್ಗದಿಂದ ಫೋನ್ ಮಾಡಿದ್ದರು.

“ಹುಡುಗನಿಗೆ ಒಂದು ಹೆಲಿಕಾಪ್ಟರ್ ನೋಡಿ ಹೇಳೋ. ನಿನಗೆ ಅದರ ಹುಚ್ಚಿದೆಯಲ್ಲ. ಹೊಸದಾಗಿ ಕಲಿಯೋನಿಗೆ ಸುಲಭ ಇರಬೇಕು, ಬಯಲಲ್ಲಿ ಹಾರಬೇಕು. ಎರಡೇ ಕಂಡೀಷನ್ನು.”

ಎರಡೇ! ಆ ಎರಡು ಒಂದೇ ಸೂರಿನಡಿ ಬಾಳ್ವೆ ಮಾಡುವಂಥವಲ್ಲ ಎಂಬುದನ್ನು ಫೋನಿನಲ್ಲಿ ಹೇಗೆ ಹೇಳುವುದು? ಒಂದರ ಮೇಲೊಂದು ಎರಡು ಫ್ಯಾನು ತಿರುಗುವ ಹೆಲಿಕಾಪ್ಟರು ಪರಮ ಸಾಧು. ಕೈ ಬಿಟ್ಟರೂ ನಿಂತಲ್ಲೇ ನಿಂತಿರುತ್ತದೆ, ಆದರೆ ಹಾಲ್‌ನಲ್ಲಿ ಮಾತ್ರ. ಅಂಗಳಕ್ಕೆ ತಂದರೆ ಪಕ್ಕದ ಮನೆಯ ತಾರಸಿ ಸೇರುತ್ತದೆ. ಅಗ್ಗದವಕ್ಕೆ ಟೀವಿ ರಿಮೋಟಿನಲ್ಲಿರುವ ಇನ್‌ಫ್ರಾರೆಡ್ಡೇ ಗತಿ. ಬಿಸಿಲಿಗೆ ಬಂದರೆ ಸೂರ್ಯನ ಮುಂದೆ ಆ ಕಿರಣ ಲೆಕ್ಕಕ್ಕೇ ಇಲ್ಲ. ಹೋಗಲಿ, ಬಿಸಿಲಿಗೆ ಹೆದರದ 2.4 ಗಿಗಾಹರ್ಟ್ಸ್ ರೇಡಿಯೋ ರಿಮೋಟಿನ ಒಂಟಿ ಫ್ಯಾನಿನದು ತಗೊಳ್ಳೋಣವೆಂದರೆ, ಅದು ಎದುರುಗಾಳಿಗೆ ಮೂತಿ ಎತ್ತಿ ಮುಷ್ಕರ ಹೂಡುತ್ತದೆ. ರೆಕ್ಕೆಯ ಓರೆಯನ್ನು ಹಾರುತ್ತಲೇ ಬದಲಿಸಿಕೊಳ್ಳುವ ದುಬಾರಿ ಜಾತಿಯೊಂದಿದೆ. ಗಾಳಿಗೆ ಬಗ್ಗುವುದಿಲ್ಲ, ನಿಜ. ಕಲಿಯುವವನ ಬೆರಳಿಗೂ ಬಗ್ಗುವುದಿಲ್ಲ.

ಅದೂ ಕೇಳುತ್ತಿರುವ ಊರು ಯಾವುದು? ಚಿತ್ರದುರ್ಗ! ಜೋಗಿಮಟ್ಟಿಯ ಬೆಟ್ಟದ ಸಾಲಿನಲ್ಲಿ ಕರೆಂಟಿಗಾಗಿ ದೈತ್ಯ ಫ್ಯಾನುಗಳನ್ನು ನೆಟ್ಟಿರುವ ಊರು. ತಿಳಿದವರು ಹುಡುಕಿ ಹುಡುಕಿ ಇಲ್ಲಿ ಗಾಳಿ ಚೆನ್ನಾಗಿದೆ ಎಂದು ಕೋಟಿಗಟ್ಟಲೆ ಸುರಿದ ಜಾಗದಲ್ಲಿ ನಮ್ಮ ಭಾವನಿಗೆ ಆಟಿಕೆ ಹೆಲಿಕಾಪ್ಟರು ಬೇಕು. ಅದೂ ಜೂನ್ ತಿಂಗಳಲ್ಲಿ.

ಗಾಳಿಯ ವಿಷಯ ಬಂದಾಗಲೆಲ್ಲ ನನಗೆ ನಮ್ಮ ಹೈಸ್ಕೂಲು ಮೈದಾನಕ್ಕೆ ಇಳಿದ ನಿಜವಾದ ಹೆಲಿಕಾಪ್ಟರು ನೆನಪಾಗುತ್ತದೆ. ಎಲೆಕ್ಷನ್ ಕಾಲ. ದೊಡ್ಡ ನಾಯಕರೊಬ್ಬರು ಬರುವವರಿದ್ದರು. ಕಬಡ್ಡಿ ಅಂಕಣಕ್ಕೆಂದು ಇಟ್ಟಿದ್ದ ಸುಣ್ಣದ ಪುಡಿಯನ್ನೆಲ್ಲ ಸುರಿದು ಡ್ರಿಲ್ ಮೇಷ್ಟರು ದೊಡ್ಡ ವೃತ್ತ ಎಳೆದು, ನಡುವೆ ಇಂಗ್ಲಿಷಿನ ‘ಎಚ್’ ಬರೆದರು. ಎಂಜಿನಿಯರ್ ಬಂದು ಎಚ್ಚು ಸೊಟ್ಟಗಿದೆ ಅಂದರು. ಮೇಷ್ಟರು ಕಾಲಲ್ಲಿ ಅಳಿಸಿ, ಇನ್ನೂ ಎರಡು ಚೀಲ ತರಿಸಿ, ಮತ್ತೆ ಬರೆದರು. ಧೂಳು ಏಳಬಾರದೆಂದು ಟ್ಯಾಂಕರಿನಲ್ಲಿ ನೀರು ಹೊಡೆದಾಗ ಆ ಎಚ್ಚೂ ಅರ್ಧ ಕೊಚ್ಚಿಹೋಯಿತು. ಮೂರನೆಯ ಎಚ್ಚಿಗೆ ಪುಡಿಯನ್ನು ಮೇಷ್ಟರು ಕೈಯಿಂದ ದುಡ್ಡು ಹಾಕಿ ತಂದರಂತೆ. ಆ ಹಣ ವಾಪಸು ಕೊಡಿ ಎಂದು ಅವರು ಬರೆದ ಅರ್ಜಿ ಒಂದು ಕಚೇರಿಯಿಂದ ಇನ್ನೊಂದಕ್ಕೆ ಓಡಾಡಿ, ‘ಸದರಿ ಪುಡಿ ಕ್ರೀಡೆಗೆ ಬಳಕೆಯಾಗಿರುವುದಿಲ್ಲ’ ಎಂಬ ಷರಾದೊಂದಿಗೆ ಮರಳಿತು. ಮೇಷ್ಟರು ರಿಟೈರಾಗುವ ದಿನದ ಭಾಷಣದಲ್ಲೂ ಅದನ್ನು ಪ್ರಸ್ತಾಪಿಸಿದರು. ಅವರ ಸಿಟ್ಟು ನ್ಯಾಯವಾದದ್ದೇ.

ಹತ್ತು ಗಂಟೆಗೆಂದಿದ್ದ ಹೆಲಿಕಾಪ್ಟರು ಮೂರಕ್ಕೆ ಬಂತು. ಪೊಲೀಸಿನವರೊಬ್ಬರು ಮೂಲೆಯಲ್ಲಿ ಹಸಿ ಹುಲ್ಲಿಗೆ ಬೆಂಕಿ ಹಾಕಿ ಹೊಗೆ ಎಬ್ಬಿಸಿದರು. ಹೆಲಿಕಾಪ್ಟರು ಮೈದಾನದ ಮೇಲೆ ಬಂದದ್ದು ಇಳಿಯದೆ, ಊರಾಚೆ ಸುತ್ತು ಹಾಕಿ, ಇನ್ನೊಂದು ದಿಕ್ಕಿನಿಂದ ಬಂದಿತು. ನನ್ನ ಪಕ್ಕದಲ್ಲಿದ್ದ ಅಜ್ಜ, “ಜಾಗ ಗುರುತು ಸಿಗಲಿಲ್ಲ ಅಂತ ಕಾಣುತ್ತೆ, ಯಾರಾದ್ರೂ ಕೂಗಿ ಹೇಳ್ರೋ” ಎಂದು ಚಡಪಡಿಸಿದರು. ಇಳಿಯುವ ರಭಸಕ್ಕೆ ಶಾಮಿಯಾನದ ಒಂದು ಮಗ್ಗುಲು ಮೇಲೆದ್ದಿತು, ಹೋಟೆಲಿನ ಟಾರ್ಪಾಲು ಹಾರಿತು. ಮೂರನೆಯ ಎಚ್ಚೂ ಹೋಯಿತು. ಭಾಷಣ ಶುರುವಾದಾಗ ಜನವೆಲ್ಲ ವೇದಿಕೆಗೆ ಬೆನ್ನು ಹಾಕಿ ಹೆಲಿಕಾಪ್ಟರನ್ನೇ ನೋಡುತ್ತ ನಿಂತಿದ್ದರಿಂದ, “ದಯವಿಟ್ಟು ಎಲ್ಲರೂ ಈ ಕಡೆ ತಿರುಗಬೇಕು” ಎಂದು ಮೈಕಿನಲ್ಲಿ ಬೇಡಿಕೊಳ್ಳಬೇಕಾಯಿತು. ಯಾರೂ ತಿರುಗಲಿಲ್ಲ.

ಹೊಗೆಯ ಕತೆ ಆಮೇಲೆ ತಿಳಿಯಿತು. ಅದು ಗಾಳಿ ಎತ್ತಲಿಂದ ಬೀಸುತ್ತಿದೆ ಎಂದು ಪೈಲಟ್ಟಿಗೆ ತೋರಿಸುವುದಕ್ಕೆ. ಎದುರುಗಾಳಿಗೆ ಮುಖ ಕೊಟ್ಟು ಇಳಿಯಲೆಂದೇ ಆತ ಸುತ್ತು ಹಾಕಿದ್ದು. ಟನ್ನುಗಟ್ಟಲೆ ತೂಗುವ ಯಂತ್ರ, ಪಳಗಿದ ಕೈ, ಆದರೂ ಗಾಳಿಯನ್ನು ಕೇಳಿಯೇ ಇಳಿಯಿತು. ನೂರೋ ಇನ್ನೂರೋ ಗ್ರಾಂ ತೂಕದ್ದನ್ನು ಮಾರುವವನು ಮಾತ್ರ ಯಾರನ್ನೂ ಕೇಳದೆ ‘ಹೊರಗೂ’ ಅಂದುಬಿಡುತ್ತಾನೆ.

ಇದನ್ನು ಹೇಳಿಕೊಂಡರೆ ಆಫೀಸಿನವರೆಲ್ಲರ ಉಪದೇಶವೂ ಒಂದೇ: “ಡ್ರೋನ್ ತಗೊಳ್ಳಿ ಸಾರ್. 250 ಗ್ರಾಂ ಒಳಗಿನದಾದರೆ ಪೈಲಟ್ ಲೈಸೆನ್ಸೂ ಬೇಡ.” ನಾನು ಕೇಳಿದ್ದು ಹೆಲಿಕಾಪ್ಟರು, ಮಹಾರಾಯರೇ! ಡ್ರೋನು ಒಳ್ಳೆಯದೇ ಇರಬಹುದು, ಗಾಳಿ ತಳ್ಳಿದರೂ ತನ್ನ ಜಾಗಕ್ಕೆ ತಾನೇ ಬಂದು ನಿಲ್ಲುತ್ತದಂತೆ. ಹಾಗಾದರೆ ಕೆಳಗೆ ರಿಮೋಟು ಹಿಡಿದು ನಿಂತವನ ಕೆಲಸವೇನು, ಸಂಬಳ ಕೊಡುವುದೇ? ಹೆಲಿಕಾಪ್ಟರು ಹಾಗಲ್ಲ. ಅದು ಮೂತಿಯನ್ನು ನಮ್ಮ ಕಡೆ ತಿರುಗಿಸಿದ ಕ್ಷಣ ಎಡವೆಲ್ಲ ಬಲ, ಬಲವೆಲ್ಲ ಎಡ. ಕನ್ನಡಿ ನೋಡಿಕೊಂಡು ಕತ್ತರಿಯಲ್ಲಿ ಮೀಸೆ ಸರಿಮಾಡಿಕೊಂಡ ಹಾಗೆ. ಆ ಗಾಬರಿ ಇಲ್ಲದಿದ್ದರೆ ಹಾರಿಸುವುದಾದರೂ ಯಾತಕ್ಕೆ?

ಕೊನೆಗೆ ಭಾವನಿಗೆ ಹೇಳಿದೆ: ಪೆಟ್ಟಿಗೆ ನೋಡಬೇಡಿ, ಬಿಡಿಭಾಗ ಕೇಳಿ. ರೆಕ್ಕೆ, ಬಾಲದ ಮೋಟರು, ಕೆಳಗಿನ ಕಾಲು, ಇವು ಬಿಡಿಯಾಗಿ ಸಿಗುತ್ತವೆಯೇ ಎಂದು ಕೇಳಿ, ಅಂಗಡಿಯವನು ತಲೆ ಕೆರೆದುಕೊಂಡರೆ ಎದ್ದು ಬನ್ನಿ. ಬೆಳಗ್ಗೆ ಗಾಳಿ ಏಳುವ ಮುಂಚೆ, ಹುಲ್ಲಿರುವ ಕಡೆ ಹಾರಿಸಲಿ. ಯಾವುದನ್ನು ಕೊಳ್ಳಬೇಕೆಂದು...

ಅಷ್ಟರಲ್ಲಿ ಹುಡುಗ ಫೋನು ಕಿತ್ತುಕೊಂಡ. “ಮಾವ, ಅದಕ್ಕೆ ಲೈಟ್ ಇರುತ್ತಾ?”

ಇರುತ್ತಪ್ಪಾ. ಬೇರೇನಿಲ್ಲದಿದ್ದರೂ ಅದೊಂದು ಇದ್ದೇ ಇರುತ್ತೆ.

“ಹಾಗಾದ್ರೆ ಯಾವುದಾದ್ರೂ ಆಗುತ್ತೆ” ಎಂದು ಹೇಳಿ ಇಟ್ಟುಬಿಟ್ಟ.